ಊರಿಂದ ವಾಪಸ್ ಬಂದಾಗ ಅಡುಗೆಮನೆ ನಾರುತ್ತಿದ್ದರೆ

ದಸರಾ ನೋಡಲು ಊರೆಲ್ಲ ಮೈಸೂರಿಗೆ ಬರುವಾಗ, ಮೈಸೂರಿನ ಎಷ್ಟೋ ಜನ ಮನೆಗೆ ಬೀಗ ಹಾಕಿ ಹೊರಡುತ್ತಾರೆ. ವಾಪಸ್ ಬಂದು ಬಾಗಿಲು ತೆಗೆದರೆ ಗಬ್ಬುನಾತ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಅಗರಬತ್ತಿ ಹಚ್ಚುವುದು. ಅಗರಬತ್ತಿ ಊರಿನವರು ನಾವು, ಮನೆಯಲ್ಲಿ ಅದಕ್ಕೇನೂ ಬರವಿಲ್ಲ. ಆದರೆ ಹಚ್ಚಬೇಡಿ. ಅಡುಗೆ ಗ್ಯಾಸ್‌ಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಬೆರೆಸುವ ಮರ್ಕ್ಯಾಪ್ಟಾನ್ ಕೊಳೆತ ಎಲೆಕೋಸಿನ ಹಾಗೇ ನಾರುತ್ತದೆ. ಲೈಟ್ ಸ್ವಿಚ್ ಕೂಡ ಮುಟ್ಟದೆ ಕಿಟಕಿ ತೆಗೆಯಿರಿ, ರೆಗ್ಯುಲೇಟರ್ ಆಫ್ ಆಗಿದೆಯಾ ನೋಡಿ. ಅನುಮಾನ ಬಂದರೆ ಹೊರಗೆ ಹೋಗಿ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ. ಗ್ಯಾಸ್ ಅಲ್ಲ ಅಂತ ಖಾತ್ರಿಯಾದ ಮೇಲೆ ಉಳಿದದ್ದು.

ಕರೆಂಟ್ ಹೋಗಿತ್ತಾ, ಎಂಸಿಬಿ ಬಿದ್ದಿತ್ತಾ ನೋಡಿಕೊಳ್ಳಿ. ಬಾಗಿಲು ಮುಚ್ಚಿದ ಫ್ರಿಜ್ ಕರೆಂಟಿಲ್ಲದೆ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ತುಂಬಿದ ಫ್ರೀಜರ್ ಆದರೆ 48 ಗಂಟೆ, ಅರ್ಧ ತುಂಬಿದ್ದರೆ 24. ಮುಂದಿನ ಸಲ ಹೊರಡುವ ಮುಂಚೆ ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ, ಮೇಲೊಂದು ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ತಳಕ್ಕೆ ಇಳಿದಿದ್ದರೆ ಮಂಜುಗಡ್ಡೆ ಕರಗಿ ಮತ್ತೆ ಗಟ್ಟಿಯಾಗಿದೆ. ಹಾಗಿದ್ದರೆ ಮೀನು, ಮಾಂಸ, ಪನೀರ್ ಎಲ್ಲ ಕಸಕ್ಕೆ.

'ಚೆನ್ನಾಗಿ ಕುದಿಸಿದ್ರೆ ಏನೂ ಆಗಲ್ಲ' ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರನ್ನು ಅಡುಗೆಮನೆಯಿಂದ ಆಚೆ ಕಳಿಸಿ. ಹಳಸಿದ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಕುದಿಸಿದರೂ ಹೋಗುವುದಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಬೀಜ ಹುರಿದರೂ ಅಷ್ಟೇ. ಉಪ್ಪಿನಕಾಯಿ ಮೇಲಿನ ಬೂಷ್ಟನ್ನು ಚಮಚದಲ್ಲಿ ತೆಗೆದು ಕೆಳಗಿನದ್ದನ್ನು ತಿನ್ನುವುದೂ ಬೇಡ. ಉಬ್ಬಿದ ದೋಸೆ ಹಿಟ್ಟಿನ ಡಬ್ಬಿಯನ್ನು ಸಿಂಕಿನಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ ನಿಧಾನಕ್ಕೆ ತೆಗೆಯಿರಿ. ಇಲ್ಲದಿದ್ದರೆ ಹಿಟ್ಟು ಸೂರಿಗೆ ಹಾರುತ್ತದೆ.

ಗಟ್ಟಿ ಪದಾರ್ಥ ಪೇಪರಿನಲ್ಲಿ ಸುತ್ತಿ ಹಸಿ ಕಸಕ್ಕೆ, ಮುಚ್ಚಳವಿರುವ ಬಕೆಟ್ಟಿನಲ್ಲಿ. ಬೆಳಿಗ್ಗೆ ಗಾಡಿಗೆ ಕೊಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ರಸ್ತೆ ತಿರುವಿನಲ್ಲಿ ಇಟ್ಟು ಬಂದರೆ ರಾತ್ರಿಯೇ ನಾಯಿ ಹರಿದು ಹಾಕುತ್ತದೆ.

ಇನ್ನು ಫ್ರಿಜ್. ಜನ ಎಡವುವುದು ಇಲ್ಲೇ. ಕೊಳೆತದ್ದನ್ನು ಬಿಸಾಕಿ, ಒಳಗೆ ಒರೆಸಿ, 'ಮತ್ತೂ ವಾಸನೆ ಬರ್ತಿದೆ' ಅಂತ ಪರ್ಫ್ಯೂಮ್ ಹೊಡೆಯುತ್ತಾರೆ. ಆಮೇಲೆ ಮೊಸರಿನಲ್ಲೂ ಮಲ್ಲಿಗೆ ವಾಸನೆ. ಹಾಲು, ಮಾಂಸದ ನೀರು ಸೋರಿ ಕಣ್ಣಿಗೆ ಬೀಳದ ಜಾಗಕ್ಕೆ ಇಳಿದಿರುತ್ತದೆ, ನಾತ ಅಲ್ಲಿಂದ.

ಪ್ಲಗ್ ತೆಗೆಯಿರಿ. ಗಾಜಿನ ತಟ್ಟೆಗಳನ್ನು ಹೊರಗಿಟ್ಟು, ತಣ್ಣಗಿರುವುದು ಹೋಗುವವರೆಗೆ ಕಾಯಿರಿ. ತಕ್ಷಣ ಬಿಸಿನೀರು ಸುರಿದರೆ ಬಿರುಕು ಬಿಡಬಹುದು. ಒಳಭಾಗವನ್ನು ಸೋಪಿನ ನೀರಿನಲ್ಲಿ ತೊಳೆದು, ಆಮೇಲೆ 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 2 ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ ಒರೆಸಿ. ಬ್ಲೀಚ್ ಜೊತೆ ವಿನೆಗರ್ ಅಥವಾ ಟಾಯ್ಲೆಟ್ ಕ್ಲೀನರ್ ಮಾತ್ರ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್‌ನ ಮಡಿಕೆ ಬಿಡಿಸಿ ನೋಡಿ. ಅಲ್ಲಿ ಕಪ್ಪು ಗೆರೆ ಇದ್ದೇ ಇರುತ್ತದೆ. ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ.

ಈಗ ಫ್ರಿಜ್ ಒಳಗಿನ ಹಿಂಗೋಡೆಯಲ್ಲಿ, ತರಕಾರಿ ಪೆಟ್ಟಿಗೆಗಿಂತ ಸ್ವಲ್ಪ ಮೇಲೆ ನೋಡಿ. ಒಂದು ಸಣ್ಣ ತೂತು ಕಾಣುತ್ತದೆ. ನೀರು ಅದರ ಮೂಲಕ ಇಳಿದು ಹಿಂದೆ ಕಂಪ್ರೆಸರ್ ಮೇಲಿರುವ ಟ್ರೇಗೆ ಬೀಳುತ್ತದೆ. ಫ್ರಿಜ್ ಮುಂದಕ್ಕೆ ಎಳೆದು ಟ್ರೇ ನೋಡಿ. ಲೋಳೆಯಾದ ಕಂದು ನೀರು, ಮೇಲೆ ಬೂಷ್ಟಿನ ಪೊರೆ! ಕಳಚಲು ಬಂದರೆ ಕಳಚಿ ತೊಳೆಯಿರಿ, ಬರದಿದ್ದರೆ ಬಟ್ಟೆಯಲ್ಲಿ ಹೀರಿಸಿ. ಸೂಜಿ ತೆಗೆದ ಸಿರಿಂಜಿನಲ್ಲಿ ಅದೇ ಅಡುಗೆ ಸೋಡಾ ನೀರನ್ನು ಆ ತೂತಿಗೆ ಬಿಡಿ. ಹಿಂದಿನ ಟ್ರೇಗೆ ತಿಳಿಯಾಗಿ ಬಂದು ಬೀಳುವವರೆಗೆ ಬಿಡುತ್ತಲೇ ಇರಿ. ಕಟ್ಟಿಕೊಂಡಿದ್ದರೆ ಬಾಗುವ ಪ್ಲಾಸ್ಟಿಕ್ ದಾರ ತೂರಿಸಿ. ಪೊರಕೆ ಕಡ್ಡಿ ಬೇಡವೇ ಬೇಡ, ಮುರಿದು ಒಳಗೇ ಉಳಿಯುತ್ತದೆ. ಕೆಲವು ಫ್ರಾಸ್ಟ್ ಫ್ರೀ ಮಾಡೆಲ್‌ಗಳಲ್ಲಿ ತೂತು ಹಲಗೆಯ ಹಿಂದೆ ಅಡಗಿರುತ್ತದೆ, ಅದಕ್ಕೆ ಮೆಕ್ಯಾನಿಕ್ ಕರೆಸಿ. ಫ್ರೀಜರಿನ ಐಸ್‌ಗೆ ಚಾಕು ಹಾಕಿದರೂ ಅವರನ್ನೇ ಕರೆಸಬೇಕಾಗುತ್ತದೆ. ಫ್ರಿಜ್ ತಂಪು ಮಾಡುವ ಗ್ಯಾಸಿನ ಪೈಪ್ ತೂತಾದರೆ ಖರ್ಚು ಜಾಸ್ತಿ.

ಒರೆಸಿ, ಬಾಗಿಲು ತೆರೆದೇ ರಾತ್ರಿ ಕಳೆಯಲಿ. ನಿಂಬೆಹಣ್ಣು ಕತ್ತರಿಸಿ ಇಡುವವರಿದ್ದಾರೆ. ಅದೇ ಬೂಷ್ಟು ಹಿಡಿದು ಇನ್ನೊಂದು ಕೆಲಸ ಆಗುತ್ತದೆ. ಅದಕ್ಕಿಂತ ಇಸ್ತ್ರಿ ಅಂಗಡಿಯಲ್ಲಿ ಒಂದು ಹಿಡಿ ಇದ್ದಿಲು ಕೇಳಿ ತಂದು ಬಟ್ಟಲಲ್ಲಿಡಿ. ಆಲೂಗಡ್ಡೆ ಬುಟ್ಟಿ, ಮಿಕ್ಸಿ ಜಾರಿನ ತಳ, ಸಿಂಕಿನ ಜಾಲರಿ ಒಮ್ಮೆ ನೋಡಿಬಿಡಿ. ಬೆಳಿಗ್ಗೆ ಪ್ಲಗ್ ಹಾಕಿ ನಾಲ್ಕೈದು ಗಂಟೆ ಖಾಲಿ ಓಡಿಸಿ, ಆಮೇಲೆ ಹಾಲು ಇಡಿ.