ಮನೆಗೆ ಬರುವ ಕೇರ್ ಸೇವೆ ಕೌನ್ಸಿಲ್ ಕೈಗೆ ಹೋದಾಗ: ಇಂಗ್ಲೆಂಡಿನ ಹೊಸ ಕನ್ನಡಿಗರಿಗೆ

ಅಮ್ಮನಿಗೆ ಸ್ನಾನ ಮಾಡಿಸಲು, ಅಪ್ಪನಿಗೆ ಮಾತ್ರೆ ಕೊಡಲು ಏಜೆನ್ಸಿಯವರು ಬರುತ್ತಿರುವ ಮನೆಗೆ ಒಂದು ದಿನ ಕೌನ್ಸಿಲ್‌ನಿಂದ, ಅಂದರೆ ಊರಿನ ಸ್ಥಳೀಯ ಆಡಳಿತದಿಂದ, ಕಾಗದ ಬರುತ್ತದೆ. ಇನ್ನು ಮುಂದೆ ಈ ಸೇವೆಯನ್ನು ಕೌನ್ಸಿಲ್ ತಾನೇ ನಡೆಸುತ್ತದೆ ಎಂದು. ಓದಿದವರಲ್ಲಿ ಕೆಲವರು ಇನ್ನು ದುಡ್ಡು ಕೊಡಬೇಕಿಲ್ಲ ಅಂದುಕೊಳ್ಳುತ್ತಾರೆ. ಇನ್ನು ಕೆಲವರು ಗಂಟೆಗಳಿಗೆ ಕತ್ತರಿ ಬೀಳುತ್ತದೆ ಎಂದು ಹೆದರುತ್ತಾರೆ. ಎರಡೂ ಸರಿಯಲ್ಲ. ಬದಲಾಗುವುದು ಬಾಗಿಲಿಗೆ ಬರುವವರಿಗೆ ಸಂಬಳ ಕೊಡುವವರು ಮತ್ತು ತಪ್ಪಾದಾಗ ಉತ್ತರ ಹೇಳಬೇಕಾದವರು, ಅಷ್ಟೇ. ಕೇರ್ ಪಡೆಯುವ ನಿಮ್ಮ ಹಕ್ಕು 2014ರ ಕೇರ್ ಆಕ್ಟ್ ಎಂಬ ಕಾನೂನಿನಿಂದ ಬಂದದ್ದು. ಸೇವೆ ಯಾರು ಕೊಟ್ಟರೂ ಅದು ಹಾಗೇ ಇರುತ್ತದೆ.

ಇಂಗ್ಲೆಂಡಿನ ಹೆಚ್ಚಿನ ಕೌನ್ಸಿಲ್‌ಗಳು ಈ ಕೆಲಸವನ್ನು ಖಾಸಗಿ ಏಜೆನ್ಸಿಗಳಿಗೆ ಗುತ್ತಿಗೆ ಕೊಟ್ಟಿವೆ. ಕೌನ್ಸಿಲ್ ತಾನೇ ನಡೆಸುವುದು, ಗುತ್ತಿಗೆ ಕೊಡುವುದು, ಇವೆರಡರ ನಡುವೆ ಮೂರನೆಯ ಬಗೆಯೂ ಇದೆ, ಕೌನ್ಸಿಲ್ ಒಡೆತನದ ಕಂಪನಿ. ವೋಕಿಂಗ್‌ಹ್ಯಾಮ್ ಕೌನ್ಸಿಲ್ 2011ರಲ್ಲಿ ಆಪ್ಟಾಲಿಸ್ ಎಂಬ ಕಂಪನಿ ಮಾಡಿತು, 2017ರಲ್ಲಿ ವಿಂಡ್ಸರ್ ಮತ್ತು ಮೇಡನ್‌ಹೆಡ್ ಕೌನ್ಸಿಲ್ ಅದಕ್ಕೆ ಸೇರಿತು. ಕಾಗದದಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ: ಸೇವೆ ಕೌನ್ಸಿಲ್‌ನ ಸ್ವಂತ ವಿಭಾಗಕ್ಕೆ ಹೋಗುತ್ತಿದೆಯೋ, ಅದರ ಕಂಪನಿಗೋ?

ಡೈರೆಕ್ಟ್ ಪೇಮೆಂಟ್, ಅಂದರೆ ಕೇರ್ ಅನ್ನು ತಾವೇ ಏರ್ಪಾಡು ಮಾಡಿಕೊಳ್ಳಲು ಕೌನ್ಸಿಲ್ ಕೊಡುವ ಹಣ, ತೆಗೆದುಕೊಳ್ಳುವವರಿಗೆ ಈ ವ್ಯತ್ಯಾಸ ದೊಡ್ಡದು. ಕೌನ್ಸಿಲ್ ಕೊಟ್ಟ ಆ ಹಣದಿಂದ ಅದೇ ಕೌನ್ಸಿಲ್‌ನ ಸ್ವಂತ ಸೇವೆಯನ್ನು ಸಾಮಾನ್ಯವಾಗಿ ಕೊಳ್ಳುವಂತಿಲ್ಲ, ಕಂಪನಿಯಿಂದ ಕೊಳ್ಳಬಹುದು. ಹಾಗಾಗಿ ಸೇವೆ ಕೌನ್ಸಿಲ್‌ನೊಳಗೆ ಸೇರಿದರೆ ನಿಮಗೆ ಎರಡು ದಾರಿ: ಡೈರೆಕ್ಟ್ ಪೇಮೆಂಟ್ ಬಿಟ್ಟು ಕೌನ್ಸಿಲ್‌ಗೇ ಏರ್ಪಾಡು ಮಾಡಲು ಹೇಳುವುದು, ಇಲ್ಲವೇ ಅದನ್ನು ಉಳಿಸಿಕೊಂಡು ಬೇರೆ ಏಜೆನ್ಸಿಯನ್ನೋ ಸ್ವಂತ ಕೇರರ್‌ರನ್ನೋ ಹುಡುಕುವುದು. ಕನ್ನಡ ಬಲ್ಲ ಕೇರರ್ ಈಗಾಗಲೇ ಸಿಕ್ಕಿದ್ದರೆ ಎರಡನೆಯದೇ ಮೇಲು.

ಇನ್ನು ದುಡ್ಡಿನ ಮಾತು. ಖರ್ಚಿನಲ್ಲಿ ನಿಮ್ಮ ಪಾಲು ಎಷ್ಟು ಎಂಬುದು ಫೈನಾನ್ಷಿಯಲ್ ಅಸೆಸ್‌ಮೆಂಟ್‌ನಿಂದ, ಅಂದರೆ ಕೌನ್ಸಿಲ್ ನಿಮ್ಮ ಆಸ್ತಿ, ಆದಾಯ ನೋಡಿ ಹಾಕುವ ಲೆಕ್ಕದಿಂದ, ತೀರ್ಮಾನ ಆಗುತ್ತದೆ. ಆಸ್ತಿ 23,250 ಪೌಂಡ್ ದಾಟಿದರೆ ಪೂರ್ತಿ ಖರ್ಚು ನಿಮ್ಮದು. 14,250ಕ್ಕಿಂತ ಕೆಳಗಿದ್ದರೆ ಆಸ್ತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದಾಯವನ್ನು ಮಾತ್ರ ನೋಡುತ್ತಾರೆ. ನಡುವೆ ಇದ್ದರೆ 14,250ರ ಮೇಲಿನ ಪ್ರತಿ 250 ಪೌಂಡಿಗೆ ವಾರಕ್ಕೆ ಒಂದು ಪೌಂಡ್ ಆದಾಯ ಬರುತ್ತಿದೆ ಎಂದು ಹಿಡಿಯುತ್ತಾರೆ. ಮನೆಯಲ್ಲೇ ಕೇರ್ ಪಡೆಯುವವರು ವಾಸವಿರುವ ಸ್ವಂತ ಮನೆ ಈ ಲೆಕ್ಕಕ್ಕೆ ಬರುವುದಿಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಮತ್ತು ಫುಲ್ಹಾಮ್ ಕೌನ್ಸಿಲ್ 2015ರಲ್ಲಿ ಮನೆ ಕೇರ್‌ನ ಶುಲ್ಕವನ್ನೇ ತೆಗೆದುಹಾಕಿತು, ಆದರೆ ಅಂಥ ಕೌನ್ಸಿಲ್‌ಗಳು ಅಪರೂಪ.

ನಮ್ಮವರು ಎಡವುವುದು ಊರಿನ ಆಸ್ತಿಯ ವಿಷಯದಲ್ಲಿ. ಮೈಸೂರಿನ ಸೈಟು, ಬೆಂಗಳೂರಿನ ಫ್ಲ್ಯಾಟು, ಬ್ಯಾಂಕಿನ ಎಫ್‌ಡಿ ಎಲ್ಲವೂ ಆಸ್ತಿಯೇ, ಫಾರಂನಲ್ಲಿ ಬರೆಯಲೇಬೇಕು. ಅಣ್ಣತಮ್ಮಂದಿರ ನಡುವೆ ಪಾಲಾಗದ ಪಿತ್ರಾರ್ಜಿತ ಜಮೀನಿದ್ದರೆ ಲೆಕ್ಕಕ್ಕೆ ಬರುವುದು ನಿಮ್ಮ ಪಾಲು ಮಾತ್ರ, ಅದೂ ಆ ಪಾಲನ್ನು ಮಾರಲು ಹೋದರೆ ನಿಜವಾಗಿ ಏನು ಸಿಗುತ್ತದೋ ಅಷ್ಟು. ಪಹಣಿ, ಅದರ ಇಂಗ್ಲಿಷ್ ಅನುವಾದ, ಬೆಲೆ ತಿಳಿಸುವ ಪತ್ರ ಮೂರನ್ನೂ ಜೊತೆಗಿಡಿ. ಇಲ್ಲವಾದರೆ ಅಧಿಕಾರಿ ಊಹೆಯ ಮೇಲೆ ಬೆಲೆ ಕಟ್ಟುವ ಅಪಾಯವಿದೆ. ಕೇರ್ ಬೇಕಾಗುತ್ತದೆ ಎಂದು ಗೊತ್ತಾದಮೇಲೆ ಸೈಟನ್ನು ಮಗಳ ಹೆಸರಿಗೆ ದಾನಪತ್ರ ಮಾಡಿಸಬೇಡಿ. ಶುಲ್ಕ ತಪ್ಪಿಸಲು ಕೊಟ್ಟದ್ದು ಎಂದು ಕೌನ್ಸಿಲ್‌ಗೆ ಅನಿಸಿದರೆ ಅದು ಈಗಲೂ ನಿಮ್ಮದೇ ಎಂದು ಲೆಕ್ಕ ಹಾಕಬಹುದು.

ಸೇವೆ ಕೈ ಬದಲಾಯಿಸುವ ವಾರ ಬಹಳ ಎಚ್ಚರ ಬೇಕು. ಹಳೆಯವರ ಕಂಪ್ಯೂಟರಿನಿಂದ ಹೊಸವರ ಕಂಪ್ಯೂಟರಿಗೆ ವಿವರ ಹೋಗುವಾಗ ಸಣ್ಣ ಸಾಲುಗಳೇ ಕಳೆದುಹೋಗುತ್ತವೆ. ‘ಊಟಕ್ಕೆ ಮುಂಚೆ ಇನ್ಸುಲಿನ್’ ಎಂಬುದು ಬರೀ ‘ಇನ್ಸುಲಿನ್’ ಆದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಹಾಗಾಗಿ ಎರಡು ವಾರ ಮುಂಚೆಯೇ ಕೇರ್ ಪ್ಲಾನ್‌ನ (ಯಾವ ಸಹಾಯ, ಹೇಗೆ ಎಂದು ಬರೆದ ಕಾಗದದ) ಹೊಸ ಪ್ರತಿ ಕೇಳಿ ಪಡೆದು, ಹಳೆಯದರ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿ. ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಒಬ್ಬರೋ ಇಬ್ಬರೋ, ಹೆಂಗಸರೇ ಬರಬೇಕೋ ಎಲ್ಲ ಇರಬೇಕು. ಅಮ್ಮ ಸ್ಟೂಲಿನ ಮೇಲೆ ಕೂತು ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಹುಯ್ದುಕೊಳ್ಳುತ್ತಾರೆ, ಶವರ್ ಬೇಡ, ತಾಳಿ ತೆಗೆಯಬಾರದು, ಮೊಟ್ಟೆ ಮಾಂಸ ಮುಟ್ಟಿದ ಪಾತ್ರೆ ಬೇಡ. ಇವನ್ನೂ ಬರೆಸಿ. ಬಾಯಲ್ಲಿ ಹೇಳಿದ್ದು ಮುಂದಿನ ವಾರದ ಕೇರರ್‌ಗೆ ತಲುಪುವುದಿಲ್ಲ.

ಮಾತ್ರೆಗಳ ದಾಖಲೆ ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಿ. ಬಾಗಿಲ ಪಕ್ಕದ ಕೀ ಸೇಫ್‌ನ (ಬೀಗದ ಕೈ ಇಡುವ ನಂಬರ್ ಪೆಟ್ಟಿಗೆಯ) ನಂಬರನ್ನು ಹಳೆಯವರ ಕೊನೆಯ ದಿನದ ರಾತ್ರಿಯೇ ಬದಲಿಸಿ, ಹೊಸ ಆಫೀಸಿಗೆ ಫೋನ್ ಮಾಡಿ ತಿಳಿಸಿ. ಹಳೆಯ ಏಜೆನ್ಸಿಯ ಡೈರೆಕ್ಟ್ ಡೆಬಿಟ್ ಅನ್ನು ಕೊನೆಯ ಬಿಲ್ ಬಂದಮೇಲೆ ನಿಲ್ಲಿಸಿ, ಇಲ್ಲವಾದರೆ ಎರಡೂ ಕಡೆ ದುಡ್ಡು ಹೋಗುತ್ತಿರುತ್ತದೆ. ಗಂಟೆ ಕಡಿಮೆ ಮಾಡುವ ಮಾತು ಬಂದರೆ ‘ರಿವ್ಯೂ (ಅಗತ್ಯಗಳ ಮರುಪರಿಶೀಲನೆ) ಯಾವಾಗ ಮಾಡಿದಿರಿ? ಬರಹದಲ್ಲಿ ಕೊಡಿ’ ಎಂದು ಕೇಳಿ. ಅಗತ್ಯವನ್ನು ಮತ್ತೆ ನೋಡದೆ ಪ್ಲಾನ್ ಕಡಿತ ಮಾಡುವಂತಿಲ್ಲ.

ರಿವ್ಯೂಗೆ ದುಭಾಷಿ ಬೇಕು ಎಂದು ಮುಂಚೆಯೇ ಹೇಳಿ, ಅದಕ್ಕೆ ನೀವು ದುಡ್ಡು ಕೊಡಬೇಕಿಲ್ಲ. ‘ಇಂಡಿಯನ್ ಭಾಷೆ’ ಅಂದರೆ ಹಿಂದಿಯವರು ಬರುತ್ತಾರೆ. ‘ಕನ್ನಡ’ ಎಂದು ಅಕ್ಷರ ಬಿಡಿಸಿ ಹೇಳಿ. ಸೊಸೆಯನ್ನೇ ದುಭಾಷಿ ಮಾಡಿದರೆ ಮಾವನವರು ಬಟ್ಟೆಯಲ್ಲಿ ಮೂತ್ರ ಆಗುವ ವಿಷಯ ಬಾಯಿ ಬಿಡುವುದಿಲ್ಲ, ಆಗ ಆ ಅಗತ್ಯ ಪ್ಲಾನ್‌ಗೆ ಸೇರುವುದೇ ಇಲ್ಲ.

ಕೇರರ್ ಆಗಿ ದುಡಿಯುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ: ಈ ವರ್ಗಾವಣೆಗೆ ಸಾಮಾನ್ಯವಾಗಿ ಟ್ಯೂಪಿ (TUPE) ನಿಯಮ, ಅಂದರೆ ಮಾಲೀಕರು ಬದಲಾದಾಗ ಕೆಲಸಗಾರರನ್ನು ಕಾಯುವ ನಿಯಮ, ಅನ್ವಯಿಸುತ್ತದೆ. ಸಂಬಳ, ರಜೆ, ಸರ್ವಿಸ್ ಎಲ್ಲವೂ ಹಾಗೇ ಮುಂದುವರಿಯುತ್ತವೆ. ಸ್ಪಾನ್ಸರ್ ವೀಸಾದವರು (ಮಾಲೀಕರ ಪ್ರಾಯೋಜನೆಯ ಮೇಲೆ ವೀಸಾ ಪಡೆದವರು) ‘ನಾನು ಕೌನ್ಸಿಲ್‌ಗೆ ಹೋಗುವುದಿಲ್ಲ’ ಎಂದು ಬರೆದುಕೊಡುವ ಮುಂಚೆ ಯೋಚಿಸಿ. ಹಾಗೆ ಬರೆದರೆ ಕೆಲಸ ಅಲ್ಲಿಗೇ ಮುಗಿಯುತ್ತದೆ, ಪರಿಹಾರ ಸಿಗುವುದಿಲ್ಲ, ವೀಸಾ ಮೊಟಕಾಗುತ್ತದೆ. ಕೆಲಸ ಅದೇ ಆಗಿದ್ದರೆ ಹೊಸ ವೀಸಾ ಅರ್ಜಿ ಬೇಕಿಲ್ಲ, ಆದರೆ ಹೊಸ ಮಾಲೀಕರು 20 ಕೆಲಸದ ದಿನಗಳೊಳಗೆ ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೆ ತಿಳಿಸಬೇಕು. ತಿಳಿಸಿದ್ದೀರಾ ಎಂದು ಎಚ್‌ಆರ್‌ಗೆ ಇಮೇಲ್ ಮಾಡಿ, ಬಂದ ಉತ್ತರ ಇಟ್ಟುಕೊಳ್ಳಿ. ಕೌನ್ಸಿಲ್‌ನ ಪೆನ್ಷನ್ ಯೋಜನೆಗೆ ಸೇರಿಸಿದರೆ ಕೈಗೆ ಬರುವ ಸಂಬಳ ಸ್ವಲ್ಪ ಕಡಿಮೆ ಆಗುತ್ತದೆ. ಅದನ್ನು ನೋಡಿ ಹೊರಬರಬೇಡಿ, ಇಷ್ಟು ಒಳ್ಳೆಯ ಪೆನ್ಷನ್ ಖಾಸಗಿ ಏಜೆನ್ಸಿಗಳಲ್ಲಿ ಸಿಗುವುದು ಕಷ್ಟ.

ಕೇರರ್ ಬಾರದೆ ಹೋದರೆ, ತಡವಾದರೆ ದಿನ, ಹೊತ್ತು ಬರೆದಿಡಿ. ದೂರು ಮೊದಲು ಕೌನ್ಸಿಲ್‌ಗೆ, ಬರಹದಲ್ಲಿ. ಅಲ್ಲಿ ಸರಿಹೋಗದಿದ್ದರೆ ಲೋಕಲ್ ಗವರ್ನ್‌ಮೆಂಟ್ ಅಂಡ್ ಸೋಷಿಯಲ್ ಕೇರ್ ಓಂಬುಡ್ಸ್‌ಮನ್‌ಗೆ (ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಸಂಸ್ಥೆಗೆ), ವಿಷಯ ಗೊತ್ತಾದ 12 ತಿಂಗಳೊಳಗೆ.