ನೆರೆ ಇಳಿದ ಮೇಲೆ ರೋಡ್ ಬಿಡೋದು: ನನ್ನ ಅನುಭವ

ರೋಡ್ ಮೇಲಿನ ನೀರು ಇಳೀತು ಅಂದ್ರೆ ಸಾಕು, ಫೋನ್ ಶುರು. "ಸಾರ್, ಈಗ ನೀರೇ ಇಲ್ಲ, ಬ್ಯಾರಿಕೇಡ್ ತೆಗಿಸ್ರಿ, ಹಾಲಿನ ಗಾಡಿ ಹೋಗ್ಬೇಕು." ನೀರು ಇದ್ದಾಗ ಯಾರಿಗೂ ಬುದ್ಧಿ ಹೇಳ್ಬೇಕಾಗಿಲ್ಲ, ನೋಡಿದ್ರೇ ಹೆದರ್ತಾರೆ. ಇಳಿದ ಮೇಲೇ ನಿಜವಾದ ಫಜೀತಿ, ಯಾಕಂದ್ರೆ ಡಾಂಬರು ನೆಟ್ಟಗೇ ಕಾಣುತ್ತೆ, ಕೆಳಗಿನ ಮಣ್ಣು ಕೊಚ್ಚಿಕೊಂಡು ಹೋಗಿರುತ್ತೆ. ದಾವಣಗೆರೆ, ಚಿತ್ರದುರ್ಗ ಕಡೆ ಸೇತುವೆ, ಮೋರಿ ನೋಡಿ ಗಾಡಿ ಬಿಡಬಹುದೋ ಬೇಡ್ವೋ ಅಂತ ಬರೆದು ಕೊಡೋ ಕೆಲಸ ನಂದು, ನಾನು ಹೆಂಗೆ ನೋಡ್ತೀನಿ ಅಂತ ಹೇಳ್ತೀನಿ.

ಮನೆಯಿಂದ ಹೊರಡೋ ಮುಂಚೆ ಗಾಜನೂರಲ್ಲಿ ತುಂಗಾ ಡ್ಯಾಮಿಂದ ಎಷ್ಟು ಕ್ಯುಸೆಕ್ ಬಿಟ್ಟಿದಾರೆ, ಲಕ್ಕವಳ್ಳೀಲಿ ಭದ್ರಾ ಡ್ಯಾಮಿಂದ ಎಷ್ಟು ಅಂತ ವಿಚಾರಿಸ್ಕೋತೀನಿ. ಎರಡೂ ಕೂಡ್ಲಿಯಲ್ಲಿ ಸೇರಿ ಹೊನ್ನಾಳಿ, ಹರಿಹರಕ್ಕೆ ಬರೋದು. ನಮ್ಮಲ್ಲಿ ಸುಡು ಬಿಸಿಲಿದ್ರೂ ಮಲೆನಾಡಲ್ಲಿ ಮಳೆ ಹೊಡೀತಿದ್ರೆ ಬೆಳಗ್ಗೆ ಬಿಟ್ಟ ರೋಡು ಮತ್ತೆ ಮುಳುಗುತ್ತೆ. ಹೊರಹರಿವು ಏರ್ತಾ ಇದ್ರೆ ನಾನು ಚೆಕಿಂಗಿಗೇ ಹೋಗಲ್ಲ, ಸುಮ್ನೆ ಡಬಲ್ ಕೆಲಸ.

ಸ್ಥಳಕ್ಕೆ ಹೋದ್ಮೇಲೆ ನಾನು ಮೊದ್ಲು ನೋಡೋದು ರೋಡಲ್ಲ, ನೀರು ಧುಮುಕಿ ಹೋದ ಕಡೆಯ ಅಂಚು. ರೋಡ್ ಮೇಲೆ ಹರಿದ ನೀರು ಆ ಕಡೆ ಬಿದ್ದು ಬರ್ಮ್ (ಡಾಂಬರಿನ ಪಕ್ಕದ ಮಣ್ಣಿನ ಅಂಚು) ಕಡಿಯುತ್ತೆ, ಆಮೇಲೆ ಡಾಂಬರಿನ ಕೆಳಗೆ ಒಳಗೊಳಗೇ ಕೊರ್ಕೊಂಡು ಬರುತ್ತೆ, ನೀರು ಬಂದ ಕಡೆ ನಿಂತು ನೋಡಿದ್ರೆ ಒಂದು ಕಲ್ಲೂ ಅಲ್ಲಾಡಿರಲ್ಲ. ವಾಟ್ಸಾಪಲ್ಲಿ ಬರೋ ಫೋಟೋ ಎಲ್ಲಾ ನೀರು ಬಂದ ಕಡೆಯಿಂದ್ಲೇ ತೆಗೆದಿರೋದು, ಯಾಕಂದ್ರೆ ಗಾಡಿ ನಿಲ್ಸೋಕೆ ಜಾಗ ಅಲ್ಲೇ ಇರೋದು! ಆಮೇಲೆ ಹಾರೆ ತಗೊಂಡು ಅಂಚಿನಿಂದ ಒಳಕ್ಕೆ ಕುಟ್ಕೊಂಡು ಬರೋದು. ಗಟ್ಟಿ ಇದ್ರೆ ಹಾರೆ ಪುಟಿದು ಕೈ ಜುಮ್ ಅನ್ನುತ್ತೆ, ಟೊಳ್ಳಾಗಿದ್ರೆ ಬೊದ್ ಅಂತ ಸದ್ದು ಬರುತ್ತೆ. ಸದ್ದು ಬದಲಾದ ಜಾಗಕ್ಕೆ ಸುಣ್ಣ ಹಾಕಿ ಗುರುತು ಮಾಡ್ತೀವಿ, ಅದು ಗಾಡಿ ಚಕ್ರ ಓಡೋ ಜಾಗದವರೆಗೂ ಬಂದಿದ್ರೆ ಡಾಂಬರು ಒಡೆದು ತೆಗೀಲೇಬೇಕು.

ಸೇತುವೆ ಇದ್ರೆ ಪಿಯರ್ (ಸೇತುವೆ ಹೊತ್ತಿರೋ ಕಂಬ) ಬುಡ ನೋಡ್ಬೇಕು. ಇಲ್ಲೇ ಜನ ಮೋಸ ಹೋಗೋದು. ನೆರೆ ಜೋರಾಗಿದ್ದಾಗ ಪಿಯರ್ ಸುತ್ತ ಆಳವಾಗಿ ಗುಂಡಿ ಬೀಳುತ್ತೆ, ನೀರು ಇಳೀತಾ ಇಳೀತಾ ಅದೇ ಗುಂಡಿಗೆ ಮರಳು, ಹೂಳು ಬಂದು ತುಂಬ್ಕೊಳ್ಳುತ್ತೆ. ನೋಡೋಕೆ ನೆಲ ಸಮ, ಆದ್ರೆ ಆ ಹೊಸ ಮರಳಿಗೆ ಹಳೇ ನೆಲದ ಬಿಗಿ ಎಲ್ಲಿಂದ ಬರ್ಬೇಕು. ಅದಕ್ಕೆ ಉದ್ದದ ಕಬ್ಬಿಣದ ಸರಳು ಇಳಿಸಿ ನೋಡ್ತೀವಿ, ಎಲ್ಲೀವರೆಗೆ ಸಲೀಸಾಗಿ ಇಳಿಯುತ್ತೋ ಅಲ್ಲೀವರೆಗೆ ಕೊರೆದಿದೆ ಅಂತ ಲೆಕ್ಕ, ಆ ಆಳನ ಡ್ರಾಯಿಂಗಲ್ಲಿರೋ ಫೌಂಡೇಶನ್ ಮಟ್ಟಕ್ಕೆ ಹೋಲಿಸ್ಬೇಕು. ಮೇಲೆ ಬಂದು ರೇಲಿಂಗ್ ಮಟ್ಟಕ್ಕೆ ಕಣ್ಣಿಟ್ಟು ಉದ್ದಕ್ಕೆ ನೋಡಿದ್ರೆ ಒಂದು ಸ್ಪ್ಯಾನ್ (ಎರಡು ಪಿಯರ್ ನಡುವಿನ ಭಾಗ) ಸ್ವಲ್ಪ ಕುಸಿದಿದ್ರೂ ಗೊತ್ತಾಗಿಬಿಡುತ್ತೆ, ಯಾವ ಮಿಷಿನ್ನೂ ಬೇಡ. ಎಕ್ಸ್‌ಪಾನ್ಷನ್ ಜಾಯಿಂಟ್ (ಸೇತುವೆ ಹಿಗ್ಗಿ ಕುಗ್ಗೋಕೆ ಬಿಟ್ಟಿರೋ ಸಂದು) ಒಂದು ಕಡೆ ಅಗಲ ಒಂದು ಕಡೆ ಕಿರಿದಾಗಿದ್ರೆ ಅವತ್ತು ಗಾಡಿ ಬಿಡೋ ಮಾತೇ ಇಲ್ಲ.

ಹಿರಿಯೂರು ಕಡೆ ಕಥೆ ಬೇರೆ. 2022ರಲ್ಲಿ ಮಾರಿಕಣಿವೆ (ವಾಣಿವಿಲಾಸ ಸಾಗರ) ಡ್ಯಾಮ್ ಕೋಡಿ ಬಿತ್ತಲ್ಲ, 1933 ಆದ್ಮೇಲೆ ಅದೇ ಮೊದಲು. ಅಷ್ಟು ವರ್ಷ ವೇದಾವತಿ ಒಣಗಿದ್ದಕ್ಕೆ ಪಾತ್ರದ ತುಂಬಾ ಬಳ್ಳಾರಿ ಜಾಲಿ. ಅಂಥ ಹೊಳೇಲಿ ನೀರು ಬಂದ್ರೆ ಜಾಲಿ ಬೇರು ಸಮೇತ ಕಿತ್ಕೊಂಡು ಬಂದು ಸೇತುವೆ ಕಣ್ಣಿಗೆ (ಕೆಳಗೆ ನೀರು ಹೋಗೋ ಕಿಂಡಿಗೆ) ಸಿಕ್ಕಿಹಾಕ್ಕೊಳ್ಳುತ್ತೆ, ಕಣ್ಣು ಮುಚ್ಚಿದ್ರೆ ನೀರು ಪಕ್ಕದ ಅಪ್ರೋಚ್ ಏರಿ ಕಡಿಯುತ್ತೆ. ಸೇತುವೆ ಗಟ್ಟಿಯಾಗಿ ನಿಂತಿರುತ್ತೆ, ಅದಕ್ಕೆ ಹೋಗೋ ದಾರೀನೇ ಇರಲ್ಲ. ಆ ಜಾಲಿ ರಾಶಿ ಮೇಲೆ ಹುಡುಗ್ರನ್ನ ಹತ್ತೋಕೆ ಮಾತ್ರ ಬಿಡ್ಬಾರ್ದು, ಹಿಂದೆ ನೀರು ಒತ್ತಿ ನಿಂತಿರುತ್ತೆ, ಇಟಾಚಿಯಿಂದ್ಲೇ (ಮಣ್ಣು ಅಗೆಯೋ ಮಿಷಿನ್) ದಡದಲ್ಲಿ ನಿಂತು ಎಳೀಬೇಕು.

ಹರಿಹರ, ಹೊನ್ನಾಳಿ ಭತ್ತದ ಬಯಲಲ್ಲಿ ತೊಂದ್ರೆ ಎರೆಮಣ್ಣಿಂದು. ಮೇಲೆ ಒಣಗಿದ್ರೂ ಒಳಗೆ ದಿನಗಟ್ಟಲೆ ಮೆತ್ತಗೇ ಇರುತ್ತೆ. ಅದಕ್ಕೆ ಜಲ್ಲಿ ತುಂಬಿದ ಟಿಪ್ಪರ್‌ನ ನಡಿಗೆ ಸ್ಪೀಡಲ್ಲಿ ಓಡಿಸಿ ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಟೈರ್ ನೋಡ್ತೀನಿ. ಟೈರ್ ಮುಂದೆ ರೋಡು ಹಾಸಿಗೆ ತರ ಉಬ್ಬಿ ಇಳಿದ್ರೆ ಹೆವಿ ಗಾಡಿ ಬಂದ್. ಕಿತ್ತು ಹೋದ ಜಾಗಕ್ಕೆ ಕೆಲವು ಕಂಟ್ರಾಕ್ಟರ್‌ಗಳು ಸಿಕ್ಕಿದ ಮಣ್ಣು ಸುರಿದು ಮೇಲೆ ಜಲ್ಲಿ ಹರಡಿ ಆಯ್ತು ಅಂತಾರೆ, ನನಗೆ ಅದು ಮೈ ಉರಿಯೋ ವಿಷಯ. ಮೊದ್ಲು ಕೆಸರು ಪೂರ್ತಿ ಬಗೆದು ತೆಗೀಬೇಕು, ಬೋಲ್ಡರ್ ಕೂರಿಸ್ಬೇಕು, ಆಮೇಲೆ ಜಿಎಸ್‌ಬಿ (ರೋಡಿನ ಅಡಿಪದರಕ್ಕೆ ಹಾಕೋ ಜಲ್ಲಿ, ಮರಳಿನ ಮಿಶ್ರಣ) ಪದರ ಪದರವಾಗಿ ಹಾಕಿ ರೋಲರ್ ಹೊಡೀಬೇಕು. ಏರಿ ಎತ್ತರ ಇದ್ರೆ ಬರ್ಮಲ್ಲಿ ರೋಡಿನ ಉದ್ದಕ್ಕೇ ಬಿರುಕು ಬಿಟ್ಟಿದ್ಯಾ ಅಂತ್ಲೂ ನೋಡ್ಬೇಕು, ನೀರು ಜೋರಾಗಿ ಇಳಿದಾಗ ಒದ್ದೆ ಏರಿ ಜಾರೋದು ಹಂಗೇನೇ.

ಎನ್‌ಎಚ್ 48 ಎತ್ತರದಲ್ಲಿದೆ, ಅಲ್ಲಿ ತುಂಬೋದು ಹೆಚ್ಚಾಗಿ ಅಂಡರ್‌ಪಾಸು, ಸರ್ವಿಸ್ ರೋಡು. ಮೋಟಾರ್ ಇಟ್ಟು ನೀರು ಖಾಲಿ ಮಾಡಿದ್ಮೇಲೆ ಚರಂಡಿ ಮುಚ್ಚಳದ ಸ್ಲ್ಯಾಬ್ ಜಾಗದಲ್ಲಿದ್ಯಾ ನೋಡಿ, ಬೈಕಿನೋರು ಬೀಳೋದು ಅದ್ರಲ್ಲೇ.

ರೋಡ್ ಬಿಡಿ ಅನ್ನೋ ಒತ್ತಡ ಜಾಸ್ತಿ ತುಂಗಭದ್ರಾ ದಡದ ಉಕ್ಕಡಗಾತ್ರಿ ಕಡೆ. ಹೊಳೆ ಏರಿದಾಗೆಲ್ಲಾ ಅಲ್ಲಿ ರೋಡ್ ಮುಳುಗುತ್ತೆ, ಅಮಾವಾಸ್ಯೆ ಬಂತಂದ್ರೆ ಅಜ್ಜಯ್ಯನ (ಕರಿಬಸವೇಶ್ವರ) ಗದ್ದಿಗೆಗೆ ಜನವೋ ಜನ. "ನಾವು ಸಣ್ಣೋರಿದ್ದಾಗ್ಲಿಂದ ದಾಟ್ತೀವ್ರೀ, ನೀವೇನ್ ಹೊಸದಾಗಿ ಹೇಳ್ತೀರಿ" ಅಂದ್ರು ಒಬ್ಬ ಹಿರಿಯರು. "ದಾಟಿದ್ದು ಎತ್ತಿನ ಗಾಡೀಲಿ ಯಜಮಾನ್ರೇ, ಈಗ ಐವತ್ತು ಜನ ತುಂಬಿದ ಬಸ್ಸು" ಅಂದೆ. ಬೈಕೊಂಡೇ ಹೋದ್ರು, ಹೋಗ್ಲಿ.

ಬಿಡುವಾಗ್ಲೂ ಒಂದೇ ಸಲ ಬಿಡಲ್ಲ. ಮೊದ್ಲು ಬೈಕು, ಕಾರು, ಅದೂ ಹಗಲು ಮಾತ್ರ, ಒಂದೇ ಲೇನ್, 20ರ ಸ್ಪೀಡು, ಎರಡೂ ತುದೀಲಿ ಬಾವುಟ ಹಿಡಿದ ಹುಡುಗ್ರು. ಟಿಪ್ಪರ್ ಪರೀಕ್ಷೆ ಪಾಸಾದ್ರೆ ಬಸ್ಸು, ಮೆಕ್ಕೆಜೋಳದ ಲಾರಿ ಕೊನೇಗೆ. ಅಡ್ಡಕ್ಕೆ ಕಲ್ಲು, ಮುಳ್ಳು ಇಡೋ ಅಭ್ಯಾಸ ಬಿಡಿ, ಕತ್ತಲಲ್ಲಿ ಆ ಕಲ್ಲಿಗೇ ಬೈಕ್ ಗುದ್ದುತ್ತೆ. ಖಾಲಿ ಡ್ರಮ್ಮಿಗೆ ಮಿನುಗೋ ಟೇಪ್ ಸುತ್ತಿ ಇಟ್ರೆ ಸಾಕು. ಎಲ್ಲೀವರೆಗೆ ನೀರು ಬಂದಿತ್ತೋ ಆ ಕಲೆ ಅಳಿಸೋ ಮುಂಚೆ ಪಿಯರ್ ಮೇಲೆ ಪೇಂಟಲ್ಲಿ ಗೆರೆ ಎಳೆದು ತಾರೀಖು ಬರೆಸಿ. ರಿಪೋರ್ಟಲ್ಲಿ ಮಾತ್ರ "ನೀರು ಮತ್ತೆ ಏರಿದರೆ ಸ್ಥಳದಲ್ಲಿರುವವರೇ ರಸ್ತೆ ಬಂದ್ ಮಾಡಬಹುದು" ಅನ್ನೋ ಸಾಲು ಸೇರಿಸಿ ಮೇಲಿನೋರ ಸಹಿ ಹಾಕಿಸ್ಕೊಂಡುಬಿಡ್ತೀನಿ, ಇಲ್ಲಾಂದ್ರೆ ರಾತ್ರಿ ಹನ್ನೊಂದು ಗಂಟೆಗೆ ಮಳೇಲಿ ನಿಂತು ಯಾರ ಆರ್ಡರ್ ಇದು ಅಂತ ಲಾರಿ ಡ್ರೈವರ್ ಜೊತೆ ವಾದ ಮಾಡ್ಬೇಕಾಗುತ್ತೆ.