ದೂರದಿಂದಲೇ ಪರದೆ ಹಂಚಿಕೊಂಡು ಲೆಕ್ಕ ತಿದ್ದುವ ಬಗೆ

ಮೈಸೂರಿನ ಸರಸ್ವತಿಪುರಂನಲ್ಲಿ ಕುಳಿತ ಲೆಕ್ಕಿಗರು ಮಂಡ್ಯದ ಅಂಗಡಿಯ ಮಾಲೀಕರಿಗೆ ಲೆಕ್ಕಪತ್ರವನ್ನು ತೋರಿಸುತ್ತಲೇ ತಿದ್ದಬೇಕಾದರೆ, ಗೂಗಲ್ ಮೀಟ್‌ನಲ್ಲಿ ಪರದೆ ಹಂಚಿಕೊಳ್ಳುವ ಬಟನ್ ಒತ್ತಿ, ಇಡೀ ಪರದೆಯ ಬದಲು ಲೆಕ್ಕದ ವಿಂಡೋವೊಂದನ್ನೇ ಆರಿಸಿಕೊಳ್ಳುವುದು ಒಳಿತು. ಇಲ್ಲವಾದರೆ ನಡುವೆ ಬರುವ ಖಾಸಗಿ ಸಂದೇಶಗಳೂ ಎದುರಿನವರಿಗೆ ಕಾಣಿಸುತ್ತವೆ. ಅಕ್ಷರಗಳನ್ನು ಮೊದಲೇ ದೊಡ್ಡದಾಗಿಸಿಕೊಳ್ಳಿ.

ಮಾಲೀಕರ ಕಂಪ್ಯೂಟರಿನಲ್ಲೇ ಕೆಲಸ ಮಾಡಬೇಕೆಂದಾದರೆ ದೂರದಿಂದಲೇ ಇನ್ನೊಂದು ಕಂಪ್ಯೂಟರನ್ನು ನಡೆಸಲು ನೆರವಾಗುವ ಗೂಗಲ್‌ನ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಬಳಸಬಹುದು. ಮಾಲೀಕರು ಅದರಲ್ಲಿ 12 ಅಂಕಿಗಳ ಸಂಕೇತವನ್ನು ಪಡೆದು ಫೋನಿನಲ್ಲಿ ತಿಳಿಸಬೇಕು. ಲೆಕ್ಕಿಗರು ಅದನ್ನು 5 ನಿಮಿಷಗಳೊಳಗೆ ನಮೂದಿಸಿದ ಮೇಲೆ, ಮಾಲೀಕರು ಒಪ್ಪಿಗೆ ಕೊಟ್ಟರೆ ಮಾತ್ರ ಸಂಪರ್ಕ ಸಿಗುತ್ತದೆ. ಹಂಚಿಕೆಯನ್ನು ಮುಂದುವರಿಸಬೇಕೇ ಎಂದು ಪ್ರತಿ 30 ನಿಮಿಷಕ್ಕೊಮ್ಮೆ ಮಾಲೀಕರನ್ನು ಮತ್ತೆ ಕೇಳಲಾಗುತ್ತದೆ. ಅದು ಕಿರಿಕಿರಿ ಎನಿಸಿದರೂ ಅಗತ್ಯವೆಂದೇ ನನ್ನ ಅಭಿಪ್ರಾಯ. ಬ್ಯಾಂಕಿನವರೆಂದು ಹೇಳಿಕೊಂಡು ಕರೆ ಮಾಡುವ ಅಪರಿಚಿತರಿಗೆ ಈ ಸಂಕೇತವನ್ನು ಎಂದಿಗೂ ಕೊಡಬೇಡಿ.